ಹೊಗೆಕೊಳವೆಯಿಲ್ಲದ ಗ್ಯಾಸ್ ಹೀಟರಿನೊಡನೆ ನಾಲ್ಕು ಚಳಿಗಾಲ

ನನ್ನ ಮರಗೆಲಸದ ಗ್ಯಾರೇಜಿನಲ್ಲಿ, ಟೇಬಲ್ ಗರಗಸದ ಪಕ್ಕದ ಮೊಳೆಯೊಂದಕ್ಕೆ ಹಳೆಯ ಪಂಚೆಯ ತುಂಡು ನೇತಾಡುತ್ತಿದೆ. ನಾಲ್ಕು ವರ್ಷಗಳ ಹಿಂದೆ ಅದು ಬಿಳಿಯಾಗಿತ್ತು. ಈಗ ಅಡಕೆ ಚೊಗರಿನ ಬಣ್ಣಕ್ಕೆ ತಿರುಗಿದೆ. ಆ ಬಣ್ಣ ತುಕ್ಕಿನದು. ಆ ತುಕ್ಕಿಗೆ ಕಾರಣ ಎದುರು ಗೋಡೆಯ ಮೇಲೆ ನಾನೇ ಕೈಯಾರೆ ಕೂರಿಸಿದ ಪ್ರೊಪೇನ್ ಹೀಟರ್ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಎರಡು ಚಳಿಗಾಲಗಳು ಹಿಡಿದವು.

ನಾನಿರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ಹೊರವಲಯದಲ್ಲಿ. 1876ರ ಫಿಲಡೆಲ್ಫಿಯಾ ಶತಮಾನೋತ್ಸವ ಪ್ರದರ್ಶನದಲ್ಲಿ ಇಲ್ಲಿನ ಮೇಜು, ಮಂಚ, ಕಪಾಟುಗಳು ಹೆಸರು ಮಾಡಿದವು. ಊರಿಗೆ ಇಂದಿಗೂ ಫರ್ನಿಚರ್ ನಗರವೆಂಬ ಬಿರುದಿದೆ. ಮರಗೆಲಸದ ಹುಚ್ಚಿರುವವನಿಗೆ ಊರೇನೋ ಒಳ್ಳೆಯದೇ, ಚಳಿಗಾಲ ಮಾತ್ರ ಒಳ್ಳೆಯದಲ್ಲ. ಮಿಷಿಗನ್ ಸರೋವರದ ಮೇಲಿಂದ ಬರುವ ಗಾಳಿ ಡಿಸೆಂಬರಿನಿಂದ ಮಾರ್ಚಿಯವರೆಗೆ ಹಿಮ ಸುರಿಸುತ್ತದೆ, ಗ್ಯಾರೇಜಿನೊಳಗೆ ಅಂಟಿನ ಡಬ್ಬಿ ಹೆಪ್ಪುಗಟ್ಟುತ್ತದೆ. ವಾರವಿಡೀ ಕಚೇರಿಯ ಕೆಲಸ, ಶನಿವಾರ ಭಾನುವಾರ ಮಾತ್ರ ಉಳಿ ಹತ್ತರಿಗಳ ಸಹವಾಸ ಎಂಬ ನನ್ನಂಥವನಿಗೆ ವರ್ಷದ ಮೂರರಲ್ಲೊಂದು ಭಾಗ ಹೀಗೆ ಕೈತಪ್ಪಿಹೋಗುತ್ತಿತ್ತು. ಹೊರಗಿನ ಗಾಳಿಯನ್ನೇ ಎಳೆದುಕೊಂಡು ಹೊಗೆಯನ್ನು ಹೊರಕ್ಕೇ ಬಿಡುವ ಹೀಟರಿಗೆ, ಗೋಡೆ ಕೊರೆಯುವ ಕೂಲಿಯೂ ಸೇರಿ ಎರಡು ಸಾವಿರ ಡಾಲರಿಗೂ ಮಿಕ್ಕಿ ಖರ್ಚು ಹೇಳಿದರು. ಹೊಗೆಕೊಳವೆಯೇ ಬೇಡದ, ಗಂಟೆಗೆ 30,000 ಬಿಟಿಯು (ಶಾಖದ ಒಂದು ಅಳತೆ) ಶಕ್ತಿಯ ಹೀಟರ್ ಇನ್ನೂರೈವತ್ತು ಡಾಲರಿನೊಳಗೆ ಸಿಗುತ್ತಿತ್ತು. ನಾನು ಆರಿಸಿದ್ದು ಯಾವುದನ್ನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಚಳಿಗಾಲದ ಸುಖವನ್ನು ಮರೆಮಾಚಿದರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ಶನಿವಾರ ಬೆಳಗ್ಗೆ ಆರು ಗಂಟೆಗೆ ಸ್ಟೀಲ್ ಲೋಟದ ತುಂಬ ಫಿಲ್ಟರ್ ಕಾಫಿ ಹಿಡಿದು, ಕಂಬಳಿ ಹೊದ್ದು ಗ್ಯಾರೇಜಿಗೆ ಇಳಿಯುತ್ತಿದ್ದೆ. ಗುಂಡಿಯನ್ನು ಒತ್ತಿ ಹಿಡಿದು ಕಿಡಿ ಹಾರಿಸಿದರೆ ಪೈಲಟ್ ಎಂಬ, ದೊಡ್ಡ ಉರಿಯನ್ನು ಹಚ್ಚುವ ಪುಟ್ಟ ನೀಲಿ ಜ್ವಾಲೆ ಹತ್ತುತ್ತದೆ. ಅರ್ಧ ನಿಮಿಷ ಬೆರಳು ತೆಗೆಯದೆ ಕಾಯಬೇಕು, ಆತುರಪಟ್ಟರೆ ಆರಿಹೋಗುತ್ತದೆ. ಆಮೇಲೆ ಗುಂಡಿ ತಿರುಗಿಸಿದೊಡನೆ ಪಿಂಗಾಣಿ ಬಿಲ್ಲೆಗಳು ಒಂದರ ಪಕ್ಕ ಒಂದು ಕೆಂಪೇರುತ್ತವೆ. ಫ್ಯಾನಿನ ಸದ್ದಿಲ್ಲ, ವಿದ್ಯುತ್ತಿನ ಹಂಗಿಲ್ಲ. ಮಲೆನಾಡಿನ ಸಾಗರ ಊರಿನ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲದ ಬೆಳಗ್ಗೆ ಬಚ್ಚಲೊಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮೈ ಕಾಯಿಸಿಕೊಂಡವನಿಗೆ ಆ ಕೆಂಪು ಬೆಳಕಿನ ಮುಂದೆ ಕಾಫಿ ಹೀರುವುದು ಎಂಥ ಸಮಾಧಾನವೆಂದು ಹೇಳುವುದು ಕಷ್ಟ. ಆ ವರ್ಷ ಇಲ್ಲಿಗೆ ಬಂದಿದ್ದ ಅಪ್ಪ, ಒಳಗಿನ ಸೋಫಾ ಬಿಟ್ಟು ದಿನವೂ ಅದರೆದುರು ಕುರ್ಚಿ ಹಾಕಿಕೊಳ್ಳುತ್ತಿದ್ದರು. “ಕಣ್ಣು ಉರಿಯದ ಒಲೆ ಮಾರಾಯ ಇದು” ಎಂಬುದು ಅವರ ಶಿಫಾರಸು.

ಕಣ್ಣು ಉರಿಯುವುದಿಲ್ಲ, ನಿಜ. ಆದರೆ ಹೀಟರ್ ಹಚ್ಚಿದ ಮುಕ್ಕಾಲು ಗಂಟೆಗೆ ಗರಗಸದ ಬೀಡುಕಬ್ಬಿಣದ ಮೇಜು ಬೆವರಲು ಶುರುವಾಗುತ್ತಿತ್ತು. ಮೊದಲು ಮಂಜು ಕವಿದ ಕನ್ನಡಿಯಂತೆ ಮಬ್ಬು, ಬೆರಳಾಡಿಸಿದರೆ ಗೆರೆ. ಇನ್ನರ್ಧ ಗಂಟೆಗೆ ಸ್ಪಷ್ಟವಾದ ಹನಿಗಳು. ಹೊರಗಿನಿಂದ ಬೂಟಿಗೆ ಅಂಟಿ ಬಂದ ಹಿಮ ಕರಗಿ ಹೀಗಾಗುತ್ತಿರಬೇಕೆಂದು ತಿಳಿದು ಬಾಗಿಲಲ್ಲಿ ಕಾಲೊರಸು ಹಾಕಿದೆ. ನೆಲದ ಕಾಂಕ್ರೀಟಿನಿಂದ ತೇವ ಏರುತ್ತಿದೆಯೆಂದು ತಿಳಿದು ಪ್ಲಾಸ್ಟಿಕ್ ಹಾಳೆ ಹಾಸಿದೆ. ಪಂಚೆಯ ತುಂಡು ಮೊಳೆಗೇರಿದ್ದು ಆಗಲೇ. ಒರೆಸುವುದು, ಒಣಗಿಸುವುದು, ಮೇಣ ತಿಕ್ಕುವುದು, ಎರಡು ವಾರ ಬಿಟ್ಟು ಕಿತ್ತಳೆ ಬಣ್ಣದ ಚುಕ್ಕೆಗಳನ್ನು ಮತ್ತೆ ಉಜ್ಜುವುದು. ಒಂದು ಗಂಟೆಯ ಮರಗೆಲಸಕ್ಕೆ ಕಾಲು ಗಂಟೆಯ ಕಬ್ಬಿಣದ ಸೇವೆ ಎಂಬಂತಾಯಿತು. ಹತ್ತರಿಯ ಅಡಿಭಾಗ, ಉಳಿಗಳ ಅಲಗು, ಕೊರೆಯುವ ಯಂತ್ರದ ಕಂಬ ಯಾವುದನ್ನೂ ಅದು ಬಿಡಲಿಲ್ಲ.

ಕೊನೆಗೆ ಎರಡನೆಯ ಚಳಿಗಾಲದ ಒಂದು ಸಂಜೆ, ಪಿಯುಸಿಯಲ್ಲಿ ಓದಿದ್ದ ರಸಾಯನಶಾಸ್ತ್ರವನ್ನು ನೆನಪಿಸಿಕೊಂಡು ಕಾಗದದ ಮೇಲೆ ಲೆಕ್ಕ ಹಾಕಿದೆ. ಪ್ರೊಪೇನಿನ ಒಂದು ಅಣು ಪೂರ್ತಿಯಾಗಿ ಉರಿದರೆ ಮೂರು ಅಣು ಇಂಗಾಲದ ಡೈಆಕ್ಸೈಡ್ ಮತ್ತು ನಾಲ್ಕು ಅಣು ನೀರು ಹುಟ್ಟುತ್ತವೆ. ತೂಕದಲ್ಲಿ ಹೇಳುವುದಾದರೆ 44 ಗ್ರಾಂ ಅನಿಲಕ್ಕೆ 72 ಗ್ರಾಂ ನೀರು. ಹೊರಗೋಡೆಯ ಬದಿಯಲ್ಲಿ ನಿಲ್ಲಿಸಿರುವ 100 ಪೌಂಡಿನ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಸುಮಾರು 74 ಲೀಟರ್ ನೀರು ಆವಿಯಾಗಿ ಗ್ಯಾರೇಜಿನೊಳಗೆ ಬಂದಿರುತ್ತದೆ. ದೊಡ್ಡದೊಂದು ಹಂಡೆಯ ನೀರನ್ನು ನಾನೇ ಹೊತ್ತು ತಂದು ಯಂತ್ರಗಳ ಮೇಲೆ ಚಿಮುಕಿಸಿದ ಹಾಗೆ. ಪೂರ್ಣ ಉರಿಯಲ್ಲಿ ಗಂಟೆಗೆ ಒಂದು ಲೀಟರ್. ನನ್ನ ಗ್ಯಾರೇಜು 24 ಅಡಿ ಉದ್ದ, ಅಷ್ಟೇ ಅಗಲ, 9 ಅಡಿ ಎತ್ತರ. 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲ್ಲಿನ ಇಡೀ ಗಾಳಿ ಹಿಡಿದುಕೊಳ್ಳಬಲ್ಲ ನೀರೇ ಎರಡು ಲೀಟರಿಗೆ ಕಡಿಮೆ. ಸಂದುಗಳಿಂದ ಸ್ವಲ್ಪ ಗಾಳಿ ಓಡಾಡುವುದರಿಂದ ಮಳೆಯೇ ಸುರಿಯುವುದಿಲ್ಲವಷ್ಟೇ. ವಾರವಿಡೀ ಶೂನ್ಯಕ್ಕಿಂತ ಕೆಳಗೆ ತಣ್ಣಗಾಗಿ ಬಿದ್ದಿರುವ, ನೂರಾರು ಪೌಂಡು ತೂಗುವ ಬೀಡುಕಬ್ಬಿಣ ಬೆಚ್ಚಗಾಗುವುದು ಎಲ್ಲಕ್ಕಿಂತ ಕೊನೆಗೆ. ಗಾಳಿಯ ನೀರೆಲ್ಲ ಹುಡುಕಿಕೊಂಡು ಹೋಗಿ ಕೂರುವುದು ಅಲ್ಲಿಯೇ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಶೇಕಡಾ 99ರಷ್ಟು ದಕ್ಷತೆಯ ಅರ್ಥ ಆಗ ತಿಳಿಯಿತು. ಹೊಗೆಕೊಳವೆಯಿದ್ದರೆ ಒಂದಷ್ಟು ಶಾಖ ಹೊರಗೆ ಹೋಗಿ ನಷ್ಟವಾಗುತ್ತದೆ. ಕೊಳವೆಯೇ ಇಲ್ಲದಿದ್ದರೆ ಏನೂ ಹೊರಗೆ ಹೋಗುವುದಿಲ್ಲ. ಶಾಖವೂ ಇಲ್ಲಿಯೇ, ನೀರೂ ಇಲ್ಲಿಯೇ, ಮಿಕ್ಕ ಅನಿಲಗಳೂ ಇಲ್ಲಿಯೇ. ಕೈಪಿಡಿಯಲ್ಲಿ ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕೆಂಬ ಸೂಚನೆಯೂ ಇದೆ. ತೆರೆದೆ. ಮೇಜಿನ ಬೆವರು ಕಡಿಮೆಯಾಯಿತು, ಬೆನ್ನಿಗೆ ಮಂಜಿನ ಗಾಳಿ ಬೀಸಿತು, ಸಿಲಿಂಡರ್ ಬೇಗ ಮುಗಿಯತೊಡಗಿತು. ಹೊರಗೆ ಹೋಗದ ಶಾಖಕ್ಕಾಗಿ ಹಣ ಕೊಟ್ಟು, ಆಮೇಲೆ ಅದನ್ನು ಹೊರಗೆ ಕಳಿಸಲು ಕಿಟಕಿ ತೆರೆಯುವ ಈ ವ್ಯವಹಾರ ನನಗೆ ಇಂದಿಗೂ ನಗು ತರಿಸುತ್ತದೆ.

ಅದೇ ವರ್ಷದ ಮಾರ್ಚಿಯಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ನನ್ನ ಗ್ಯಾರೇಜಿಗೆ ಒಳಚಾವಣಿಯಿಲ್ಲ. ಚಾವಣಿಯ ಹಲಗೆಯನ್ನು ತೂರಿ ಬಂದ ಮೊಳೆಗಳ ತುದಿಗಳು ಒಳಗಿನಿಂದ ಕಾಣುತ್ತವೆ. ತಿಂಗಳುಗಟ್ಟಲೆ ಮೇಲೇರಿದ ಆವಿ ಆ ತಣ್ಣನೆಯ ತುದಿಗಳಲ್ಲಿ ಬಿಳಿಯ ಮೊಗ್ಗುಗಳಂತೆ ಹೆಪ್ಪುಗಟ್ಟಿ ಕೂತಿತ್ತು. ಮೊದಲ ಬೆಚ್ಚನೆಯ ಮಧ್ಯಾಹ್ನ ಅಷ್ಟೂ ಒಟ್ಟಿಗೆ ಕರಗಿ ತೊಟ್ಟಿಕ್ಕಿತು, ಕೆಳಗೆ ಜೋಡಿಸಿಟ್ಟಿದ್ದ ಓಕ್ ಹಲಗೆಗಳ ಮೇಲೆ. ಓಕ್ ಮರದಲ್ಲಿ ಟ್ಯಾನಿನ್ ಎಂಬ ಚೊಗರಿನ ಅಂಶ ಹೇರಳ. ಕಬ್ಬಿಣದ ಅಂಶವುಳ್ಳ ನೀರು ಬಿದ್ದರೆ ಅದು ಕಪ್ಪುನೀಲಿ ಕಲೆಯಾಗುತ್ತದೆ. ಅಳಲೆಕಾಯಿಗೆ ಕಬ್ಬಿಣದ ಲವಣವಾದ ಅನ್ನಭೇದಿ ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದವರ ಗುಟ್ಟೂ ಇದೇ. ಮಸಿಯ ಮಟ್ಟಿಗೆ ಅದು ಸೊಗಸು. ಒಂದೊಂದು ಹಲಗೆಯನ್ನೂ ಮತ್ತೆ ಹತ್ತರಿ ಹಿಡಿದು ಕೀಸಬೇಕಾಯಿತು.

ಕಪಾಟಿನ ಕಥೆಯಲ್ಲಿ ಮಾತ್ರ ತಪ್ಪಿನ ಪೂರ್ತಿ ಹೊಣೆಯನ್ನು ಹೀಟರಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಆ ಚಳಿಗಾಲದಲ್ಲಿ ಮಾಡಿದ ಪುಸ್ತಕದ ಕಪಾಟಿನ ಬಾಗಿಲುಗಳನ್ನು ಬೆಚ್ಚನೆಯ, ಒಣಗಿದ ಮನೆಯೊಳಗೆ ತಂದು ನಿಲ್ಲಿಸಿದ ಮೂರು ವಾರಕ್ಕೆ ಚೌಕಟ್ಟಿನ ಒಳಗಿನ ಹಲಗೆ ಕುಗ್ಗಿ, ಬಣ್ಣ ಕಾಣದ ಬಿಳಿ ಮರದ ಗೆರೆಯೊಂದು ಅಂಚಿನಲ್ಲಿ ಇಣುಕಿತು. ಶೇಕಡಾ 70ರ ತೇವದ ಗಾಳಿಯಲ್ಲಿ ಮರ ತನ್ನ ತೂಕದ ನೂರಕ್ಕೆ ಹದಿಮೂರರಷ್ಟು ನೀರನ್ನು ಹಿಡಿದುಕೊಳ್ಳಲು ಹೊರಡುತ್ತದೆ. ಶೇಕಡಾ 30ರ ತೇವವಿರುವ ಮನೆಯೊಳಗೆ ಅದು ಆರಕ್ಕೆ ಇಳಿಯುತ್ತದೆ. ಬಿಸಿ ಮಾಡದ ಗ್ಯಾರೇಜಿನ ಚಳಿಗಾಲದ ಗಾಳಿಯೂ ತೇವದ್ದೇ ಆದ್ದರಿಂದ ಹಲಗೆಗಳನ್ನು ಅಲ್ಲಿ ಕೂಡಿಟ್ಟದ್ದೇ ನನ್ನ ತಪ್ಪು. ಆದರೆ ಅವು ಒಣಗಬೇಕಾಗಿದ್ದ ಎರಡು ದಿನಗಳಲ್ಲಿಯೂ ಹೀಟರ್ ಅವುಗಳಿಗೆ ಒಣಗಲು ಬಿಡಲಿಲ್ಲ ಎಂಬ ದೂರು ನನ್ನದು.

ತುಕ್ಕಿನ ಮಾತನ್ನೇ ಇಷ್ಟು ಉದ್ದಕ್ಕೆ ಬರೆದಿರುವುದನ್ನು ನೋಡಿ, ಇದಕ್ಕಿಂತ ದೊಡ್ಡ ಅಪಾಯ ಇವನಿಗೆ ಕಾಣಲಿಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಕಂಡಿತು, ತಡವಾಗಿ. ಈ ಹೀಟರುಗಳಲ್ಲಿ ಆಮ್ಲಜನಕವನ್ನು ಗಮನಿಸುವ ಪೈಲಟ್ ಇರುತ್ತದೆ. ಗಾಳಿಯಲ್ಲಿ ಸಹಜವಾಗಿ ಶೇಕಡಾ 21ರಷ್ಟಿರುವ ಆಮ್ಲಜನಕ 18ರ ಆಸುಪಾಸಿಗೆ ಇಳಿದರೆ ಅದು ತಾನಾಗಿ ಆರಿ ಅನಿಲವನ್ನು ನಿಲ್ಲಿಸುತ್ತದೆ. ಒಳ್ಳೆಯ ಏರ್ಪಾಡು, ಆದರೆ ಅದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಅಳೆಯುವುದಿಲ್ಲ. ಮರಗೆಲಸದ ಜಾಗದಲ್ಲಿ ಸೂಕ್ಷ್ಮವಾದ ಹುಡಿ ತಪ್ಪಿದ್ದಲ್ಲ. ಅದು ಬರ್ನರಿನ ಗಾಳಿರಂಧ್ರಗಳಲ್ಲಿ ಕೂತರೆ ಉರಿ ಹಳದಿಗೆ ತಿರುಗುತ್ತದೆ, ಅರ್ಧಂಬರ್ಧ ಉರಿದ ಅನಿಲದಿಂದ ಆ ವಿಷ ಹುಟ್ಟುತ್ತದೆ. ಮೂರನೆಯ ಚಳಿಗಾಲದಲ್ಲಿ ಭಾನುವಾರ ಸಂಜೆಗಳಲ್ಲಿ ಹಣೆಯ ಸುತ್ತ ಪಟ್ಟಿ ಬಿಗಿದಂಥ ತಲೆನೋವು ಬರತೊಡಗಿತು, ಕನ್ನಡಕದ ನಂಬರು ಬದಲಾಗಿರಬೇಕೆಂದುಕೊಂಡೆ. ಈ ವಿಷಾನಿಲಕ್ಕೆಂದೇ ಇರುವ ಗೋಡೆಯ ಅಲಾರಂ ಒಮ್ಮೆಯೂ ಕೂಗಿರಲಿಲ್ಲ. ಆಮೇಲೆ ತಿಳಿಯಿತು: ಇಲ್ಲಿನ ಮಾನದಂಡದ ಪ್ರಕಾರ ಮನೆಬಳಕೆಯ ಅಲಾರಂ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಎಪ್ಪತ್ತು ಪಾಲು) ಮಟ್ಟದಲ್ಲಿ ಕೂಗುವುದಕ್ಕೆ ಒಂದರಿಂದ ನಾಲ್ಕು ಗಂಟೆಗಳವರೆಗೂ ತೆಗೆದುಕೊಳ್ಳಬಹುದು, 30ಕ್ಕಿಂತ ಕಡಿಮೆಯಿದ್ದರೆ ಕೂಗಲೇಬೇಕೆಂದಿಲ್ಲ. ಕಡಿಮೆ ಮಟ್ಟವನ್ನೂ ಅಂಕಿಯಲ್ಲಿ ತೋರಿಸುವ ಮಾಪಕ ತಂದಿಟ್ಟಾಗ, ಎರಡು ಗಂಟೆಯ ಉರಿಯ ನಂತರ ಅದು 19 ತೋರಿಸಿತು. ಎಂಟು ಗಂಟೆಯ ಸರಾಸರಿಗೆ ಅಮೆರಿಕ ಸರ್ಕಾರ ಹೊರಗಿನ ಗಾಳಿಗೆ ಇಟ್ಟಿರುವ ಮಿತಿಯೇ 9. ಬರ್ನರನ್ನು ಊದಿ ಶುಚಿ ಮಾಡಿದ ಮೇಲೆ ಅಂಕಿ ಇಳಿಯಿತು, ಮತ್ತೆ ಹುಡಿ ಕೂತಾಗ ಏರಿತು. ಉಸಿರಾಟಕ್ಕೆ ತೊಂದರೆ ಕೊಡುವ ನೈಟ್ರೋಜನ್ ಡೈಆಕ್ಸೈಡ್ ಮಾತ್ರ ಉರಿ ಎಷ್ಟು ಶುದ್ಧವಾಗಿದ್ದರೂ ಹುಟ್ಟುತ್ತದೆ. ಮನೆಯೊಳಗಿನ ಬಳಕೆಗೆಂದು ಇಂಥ ಹೀಟರುಗಳನ್ನು ಮಾರುವುದನ್ನೇ ಕ್ಯಾಲಿಫೋರ್ನಿಯ ನಿಷೇಧಿಸಿದೆ; ನಮ್ಮ ಅಂಗಡಿಗಳಲ್ಲಿ ಅಕ್ಟೋಬರ್ ಬಂದರೆ ಬಾಗಿಲಲ್ಲೇ ಸಾಲಾಗಿ ಇಟ್ಟಿರುತ್ತಾರೆ.

ಬೆಂಗಳೂರಿನ ಅಕ್ಕನಿಗೆ ಇದನ್ನು ಫೋನಿನಲ್ಲಿ ಹೇಳುತ್ತಿದ್ದಾಗ ಅವಳು, “ಹಾಗಾದರೆ ನಮ್ಮ ಬಚ್ಚಲಿನ ಗ್ಯಾಸ್ ಗೀಸರೂ ಅದೇ ಅಲ್ಲವೇನೋ?” ಎಂದಳು. ಅದೇ. ಗಾಳಿಯಾಡದ ಬಚ್ಚಲುಮನೆಯಲ್ಲಿ ಅದನ್ನು ಹಚ್ಚಿ ಸ್ನಾನಕ್ಕೆ ಹೋದವರು ಪ್ರಜ್ಞೆ ತಪ್ಪಿ ಜೀವ ಕಳೆದುಕೊಂಡ ಸುದ್ದಿಗಳನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದವರೇ, ಓದಿ ಪುಟ ತಿರುಗಿಸಿದವರೇ. ಅವಳ ಗೀಸರ್ ಈಗ ಹೊರಗಿನ ಬಾಲ್ಕನಿಯಲ್ಲಿದೆ.

ವಾರ್ನಿಷ್, ಲ್ಯಾಕರ್ ಬಳಿಯುವವರಿಗಂತೂ ಇದು ಸಲ್ಲದ ಸಾಧನ. ಉರಿಯ ಎದುರು ಥಿನ್ನರಿನ ಡಬ್ಬಿ ತೆರೆಯುವುದು ಹುಚ್ಚುತನ. ಹೀಟರ್ ಆರಿಸಿದರೆ ಚಳಿಗೆ ಲೇಪ ಒಣಗದು. ಆರಿಸಿದ ಮೇಲೂ ಉಳಿದ ತೇವಕ್ಕೆ ಲ್ಯಾಕರ್ ಹಾಲು ಚೆಲ್ಲಿದಂತೆ ಬೆಳ್ಳಗೆ ಮಂಕಾಗುತ್ತದೆ. ಆ ಕೆಲಸವನ್ನು ನಾನು ಮೇ ತಿಂಗಳಿಗೆ ಮುಂದೂಡುತ್ತಾ ಬಂದೆ.

ಈ ವರ್ಷ 240 ವೋಲ್ಟಿನ, 5,000 ವಾಟಿನ ವಿದ್ಯುತ್ ಹೀಟರನ್ನು ಮೂಲೆಯಲ್ಲಿ ಎತ್ತರಕ್ಕೆ ಕೂರಿಸಿದ್ದೇನೆ. ಅದಕ್ಕೆಂದೇ ಬೇರೆ ತಂತಿ ಎಳೆಸಿದ ಖರ್ಚು ಹೀಟರಿನ ಬೆಲೆಗಿಂತ ಹೆಚ್ಚಾಯಿತು. ಶಕ್ತಿ ಹಳೆಯದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಆರಕ್ಕೆ ಕೆಲಸ ಶುರುಮಾಡಬೇಕಾದರೆ ನಾಲ್ಕಕ್ಕೇ ಹಾಕಬೇಕು, ಫ್ಯಾನ್ ಗುಂಯ್‌ಗುಡುತ್ತದೆ, ತಿಂಗಳ ಬಿಲ್ಲು ನೋಡಿ ಹೆಂಡತಿ ಹುಬ್ಬೇರಿಸುತ್ತಾಳೆ. ಕೆಂಪು ಬೆಳಕಿಲ್ಲ, ಅದರೆದುರು ಕೂರಬೇಕೆಂದು ಅನ್ನಿಸುವುದೂ ಇಲ್ಲ. ಆದರೆ 16 ಡಿಗ್ರಿಯಲ್ಲಿ ಹಿಂದೆ ಶೇಕಡಾ 70 ದಾಟುತ್ತಿದ್ದ ತೇವಾಂಶದ ಮುಳ್ಳು ಈಗ 35ರ ಹತ್ತಿರ ನಿಲ್ಲುತ್ತದೆ, ಗರಗಸದ ಮೇಜಿಗೆ ಡಿಸೆಂಬರಿನಲ್ಲಿ ತಿಕ್ಕಿದ ಮೇಣ ಇನ್ನೂ ಹಾಗೆಯೇ ಇದೆ.

ಗ್ಯಾಸ್ ಹೀಟರನ್ನು ಗೋಡೆಯಿಂದ ಇಳಿಸಿಲ್ಲ. ಕೊಳ್ಳಲು ಬಂದ ಪಕ್ಕದ ಬೀದಿಯ ಹುಡುಗ ಅದನ್ನು ಮಲಗುವ ಕೋಣೆಗೆ ಹಾಕುತ್ತೇನೆಂದದ್ದಕ್ಕೆ ಕೊಡಲಿಲ್ಲ. ಜನವರಿಯಲ್ಲಿ ಮಂಜುಗಡ್ಡೆಯ ಭಾರಕ್ಕೆ ತಂತಿಗಳು ಹರಿದು ಹದಿನಾಲ್ಕು ಗಂಟೆ ವಿದ್ಯುತ್ತಿಲ್ಲದಾಗ, ಗ್ಯಾರೇಜಿನ ಬಾಗಿಲನ್ನು ಒಂದು ಗೇಣು ಎತ್ತಿಟ್ಟು, ಮಾಪಕವನ್ನು ಕಣ್ಣೆದುರಿಗೇ ಇಟ್ಟುಕೊಂಡು ಅದನ್ನು ಹಚ್ಚಿದೆ. ಬಿಲ್ಲೆಗಳು ಒಂದರ ಪಕ್ಕ ಒಂದು ಕೆಂಪೇರಿದವು. ಹೆಂಡತಿ ಕುರ್ಚಿ ತಂದಳು, ಕಾಫಿ ಕುಡಿದೆವು. ಮುಕ್ಕಾಲು ಗಂಟೆ ಕಳೆದ ಮೇಲೆ ಎದ್ದು, ಮೊಳೆಯಿಂದ ಪಂಚೆಯ ತುಂಡು ತೆಗೆದುಕೊಂಡು ಗರಗಸದ ಮೇಜು ಒರೆಸಿದೆ.