ಗಾಳಿಯೋ ನೀರೋ: ಕಲಬುರಗಿ ಬಿಸಿಲಿಗೆ ಮೂರು ಮೇಲಂಗಿ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಆರಂಭ, ಮಧ್ಯಾಹ್ನ 1.30ಕ್ಕೆ ಮುಕ್ತಾಯ. ನೌಕರರನ್ನು ಬಿಸಿಲಿನಿಂದ ಕಾಪಾಡುವ ಏರ್ಪಾಡು ಇದು. ಕಚೇರಿಯ ಹಿಂದೆಯೇ ಮನೆ ಇರುವವರಿಗೆ ಒಳ್ಳೆಯದೇ. ಕಮಲಾಪುರದಿಂದ ಕಲಬುರಗಿಗೆ ಬೈಕಿನಲ್ಲಿ ಮರಳುವ ನನ್ನಂಥವನನ್ನು ಮಾತ್ರ ಅದು ದಿನದ ಅತ್ಯಂತ ಕೆಟ್ಟ ಗಳಿಗೆಯಲ್ಲೇ ಲೆಕ್ಕ ಹಾಕಿದಂತೆ ರಸ್ತೆಗೆ ಇಳಿಸುತ್ತದೆ. ಮೂವತ್ತು ಚಿಲ್ಲರೆ ಕಿಲೋಮೀಟರ್ ದಾರಿ. ಎರಡೂ ಬದಿಗೆ ಹರಗಿ ಬಿಟ್ಟ ಎರೆಹೊಲ. ನೆರಳೆಂದರೆ ಎದುರು ಬರುವ ಲಾರಿಯದು, ಅದೂ ಅರ್ಧ ಕ್ಷಣ. ಬಸ್ಸಿಗೆ ಹೋಗಬಾರದೇ ಎಂದು ಮನೆಯಲ್ಲಿ ಕೇಳುತ್ತಾರೆ. ಬೆಳಿಗ್ಗೆ ಏಳರ ತಂಪಿನಲ್ಲಿ ಖಾಲಿ ಹೆದ್ದಾರಿಯ ಮೇಲೆ ಇಂಜಿನ್ ಹದಕ್ಕೆ ಬಂದು ಗುನುಗುವ ಆ ಅರ್ಧ ಗಂಟೆಯನ್ನು ಅವರಿಗೆ ಹೇಗೆ ವಿವರಿಸುವುದು? ಬೆಳಗಿನ ಆ ಸುಖದ ಸಾಲವನ್ನು ಮಧ್ಯಾಹ್ನ ತೀರಿಸಬೇಕು, ಅಷ್ಟೇ.

ಕಡಿಮೆ ಬಡ್ಡಿಗೆ ತೀರಿಸುವುದು ಹೇಗೆ ಎಂದು ಹೋದ ಬೇಸಿಗೆಯಲ್ಲಿ ಪರೀಕ್ಷಿಸಿದೆ. ಅದೇ ರಸ್ತೆ, ಅದೇ ಹೊತ್ತು, ಅದೇ ವೇಗ. ಮೇಲಂಗಿ ಮಾತ್ರ ಬೇರೆ ಬೇರೆ. ಅಳತೆಗೋಲು ಮನೆಯ ಹಿತ್ತಾಳೆ ತಂಬಿಗೆ. ಬಾಗಿಲು ದಾಟಿದ ಮೇಲೆ ಎಷ್ಟು ತಂಬಿಗೆ ನೀರು ಕುಡಿದರೆ ಬಾಯಿಗೆ ಮಾತು ಬರುತ್ತದೆ ಎಂಬುದೇ ಅಂಕ.

ಮೊದಲನೆಯದು ನಮ್ಮೂರಿನ ಸಾಂಪ್ರದಾಯಿಕ ಉಡುಪು: ಪೂರ್ಣ ತೋಳಿನ ಬಿಳಿ ಹತ್ತಿ ಅಂಗಿ, ಹೆಲ್ಮೆಟ್ಟಿನ ಕೆಳಗೆ ಮುಖಕ್ಕೆ ಸುತ್ತಿದ ಒದ್ದೆ ವಲ್ಲಿ. ಖರ್ಚಿಲ್ಲ, ತೂಕವಿಲ್ಲ. ಎರಡು ತಂಬಿಗೆ. ತಂಪಿನ ಮಟ್ಟಿಗೆ ಇದಕ್ಕೆ ಮರ್ಯಾದೆಯ ಅಂಕವೇ ಸಿಗಬೇಕು. ಆದರೆ ಒಂದು ಜನವರಿಯಲ್ಲಿ ಹಳ್ಳಿಯ ರಸ್ತೆಯೊಂದರ ಮೇಲೆ ರಾಶಿಗೆಂದು ಹರಡಿದ್ದ ತೊಗರಿ ಕಟ್ಟಿಗೆಯ ಮೇಲೆ ನನ್ನ ಮುಂದಿನ ಚಕ್ರ ಜಾರಿತು. ವೇಗ ಮೂವತ್ತೂ ಇರಲಿಲ್ಲ. ಹತ್ತಿ ಅಂಗಿಯ ತೋಳು ಒಂದೇ ಉಜ್ಜಿಗೆ ಇಲ್ಲವಾಯಿತು, ಅದರ ಹಿಂದೆಯೇ ಮೊಣಕೈ ಚರ್ಮ. ಹತ್ತಿಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದು ಬೇಡ.

ಎರಡನೆಯದು ಜಾಳಿಗೆಯ ಜಾಕೆಟ್. ಬೆಂಗಳೂರಿನ ಅಂಗಡಿಯೊಂದರಲ್ಲಿ 6,500 ರೂಪಾಯಿ ಕೊಟ್ಟು ತಂದದ್ದು. ‘ಬೇಸಿಗೆಗೆ ಇದನ್ನು ಬಿಟ್ಟರೆ ಇಲ್ಲ ಸರ್, ಗಾಳಿ ಆರಪಾರ ಹೋಗುತ್ತದೆ’ ಎಂದು ಅಂಗಡಿಯವನು ಹೇಳಿದ್ದ. ಸುಳ್ಳೇನೂ ಹೇಳಲಿಲ್ಲ. ಗಾಳಿ ನಿಜಕ್ಕೂ ಆರಪಾರ ಹೋಗುತ್ತದೆ. ಆದರೆ ಅವನು ಹೇಳಿದ್ದು ಬೆಂಗಳೂರಿನ ಗಾಳಿ.

ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಣ್ಣಗಿದ್ದರೆ ಮೈಯ ಶಾಖವನ್ನು ಎತ್ತಿಕೊಂಡು ಹೋಗುತ್ತದೆ; ಬಿಸಿಯಾಗಿದ್ದರೆ ತನ್ನದನ್ನು ತಂದು ಸುರಿಯುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ಎಂದರೆ ಕಲಬುರಗಿಯಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅಂಥ ಗಾಳಿಗೆ ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಎದೆಯೊಡ್ಡಿದರೆ ಒಲೆಯ ಬಾಯಿಗೆ ಮುಖ ಕೊಟ್ಟಂತೆಯೇ. ಉಳಿದ ದಾರಿ ಬೆವರೊಂದೇ. ಅದರಲ್ಲೂ ಒಂದು ಮೋಸವಿದೆ. ನಮ್ಮ ಒಣ ಗಾಳಿಯಲ್ಲಿ ಜಾಳಿಗೆಯ ಒಳಗಿನ ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿಹೋಗುತ್ತದೆ. ‘ಬೆವರೇ ಇಲ್ಲ, ಚೆನ್ನಾಗಿದೆ’ ಎಂದುಕೊಂಡು ಮೊದಲ ದಿನ ಹಿಗ್ಗಿದೆ. ರಿಂಗ್ ರಸ್ತೆ ತಲುಪುವಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿತ್ತು, ಸಂಜೆಯವರೆಗೆ ತಲೆ ಸಿಡಿಯಿತು. ಮೂರು ತಂಬಿಗೆ, ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಒಳಗೆ ಒದ್ದೆ ಬನಿಯನ್ ಹಾಕಿಯೂ ನೋಡಿದೆ. ಮೊದಲ ಹತ್ತು ನಿಮಿಷ ಸ್ವರ್ಗ. ಮಹಾಗಾಂವ ಕ್ರಾಸ್ ದಾಟುವ ಹೊತ್ತಿಗೆ ಬನಿಯನ್ ಹಗ್ಗದ ಮೇಲೆ ಒಣಹಾಕಿದ್ದಂತೆ ಗರಿಗರಿಯಾಗಿತ್ತು. ಆರಪಾರ ಹೋಗುವ ಗಾಳಿ ನೀರನ್ನೂ ಆರಪಾರ ಒಯ್ದಿತ್ತು.

ಮೂರನೆಯದು ಚಳಿಗಾಲಕ್ಕೆಂದು ಹಿಂದೆ ಕೊಂಡಿದ್ದ ದಪ್ಪ ಬಟ್ಟೆಯ ಪ್ರವಾಸದ ಜಾಕೆಟ್. ಎದೆಗೆ ಎರಡು, ಬೆನ್ನಿಗೆ ಒಂದು, ತೋಳಿಗೊಂದು ಜಿಪ್ಪಿನ ಗಾಳಿಕಿಂಡಿ. ಮೇ ಮಧ್ಯಾಹ್ನ ಇದನ್ನು ತೊಡಲು ಹೊರಟಾಗ ಕಚೇರಿಯ ಸಹೋದ್ಯೋಗಿಯೊಬ್ಬರು ನನ್ನ ಹಣೆ ಮುಟ್ಟಿ ನೋಡಿದರು. ನಾನು ಮಾಡಿದ್ದು ಇಷ್ಟು: ಒಳಗಿನ ಮಳೆಯ ಪದರ ತೆಗೆದೆ, ಹತ್ತಿಯ ಬನಿಯನ್ನನ್ನು ನಲ್ಲಿಯಡಿ ಹಿಡಿದು ಹಿಂಡದೆಯೇ ತೊಟ್ಟೆ, ಮೇಲೆ ಜಾಕೆಟ್ ಹಾಕಿ ಕಿಂಡಿಗಳನ್ನು ಅರ್ಧ ಮಾತ್ರ ತೆರೆದೆ. ‘ಬೆಳಿಗ್ಗೆ ಸ್ನಾನ ಆಗಲಿಲ್ಲವೇ ಸಾಹೇಬರೆ?’ ಎಂದು ಜವಾನ ಕೇಳಿದ.

ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಅಷ್ಟು ಶಾಖದಲ್ಲಿ ಏಳು ಲೀಟರ್ ತಣ್ಣೀರನ್ನು ಕುದಿಸಬಹುದು. ಒದ್ದೆ ಬನಿಯನ್ ಹಿಡಿದಿಡುವ ಅರ್ಧ ಲೀಟರ್ ನೀರು ಆ ಲೆಕ್ಕದಲ್ಲಿ ಸಣ್ಣ ಬಂಡವಾಳವಲ್ಲ. ಅದನ್ನು ಒಂದೇ ಬಾರಿಗೆ ಉಡಾಯಿಸಬಾರದು, ಅಷ್ಟೇ. ಜಾಳಿಗೆ ಉಡಾಯಿಸುತ್ತದೆ, ದಪ್ಪ ಬಟ್ಟೆ ಅಳೆದು ಸುರಿದು ಖರ್ಚು ಮಾಡುತ್ತದೆ. ಜೊತೆಗೆ ನೇರ ಬಿಸಿಲನ್ನು ಮೈಗೆ ಮುಟ್ಟಗೊಡುವುದಿಲ್ಲ. ಮನೆ ತಲುಪಿ ಜಾಕೆಟ್ ಬಿಚ್ಚಿದಾಗ ಬೆನ್ನಿನ ಭಾಗ ಇನ್ನೂ ತೇವವಾಗಿತ್ತು. ಒಂದು ತಂಬಿಗೆ, ಅದೂ ಪೂರ್ತಿಯಲ್ಲ. ಇದರಲ್ಲಿ ನನ್ನ ಶೋಧವೇನೂ ಇಲ್ಲ. ಅಡುಗೆಮನೆಯ ಮೂಲೆಯ ಮಣ್ಣಿನ ಗಡಿಗೆ ಮಾಡುವುದೂ ಇದನ್ನೇ: ಸಣ್ಣ ರಂಧ್ರಗಳಿಂದ ನೀರನ್ನು ಜಿನುಗಿಸಿ ಆರಗೊಡುತ್ತದೆ.

ಈ ಗೆಲುವು ದೊಡ್ಡ ದಾರಿಯಲ್ಲೂ ನಿಲ್ಲುತ್ತದೆಯೇ ಎಂದು ಒಂದು ಭಾನುವಾರ ಬೀದರ್‌ಗೆ ಹೊರಟೆ. ಹುಮನಾಬಾದ್ ಮೇಲೆ ಸುಮಾರು 110 ಕಿಲೋಮೀಟರ್. ಬೇಕೆಂದೇ ಹನ್ನೊಂದಕ್ಕೆ ಬಿಟ್ಟೆ. ಕಮಲಾಪುರದಲ್ಲಿ ನಿಂತು ಕೆಂಪು ಬಾಳೆ ತಿಂದೆ (ಅದು ಪ್ರಯೋಗದ ಭಾಗವಲ್ಲ, ಆದರೆ ಅಲ್ಲಿ ನಿಲ್ಲದೆ ಹೋಗುವುದು ನನ್ನಿಂದ ಆಗುವುದಿಲ್ಲ). ಹುಮನಾಬಾದಿನಲ್ಲಿ ಹೈದರಾಬಾದ್ ಹೆದ್ದಾರಿ ಅಡ್ಡ ಬರುವ ಹೊತ್ತಿಗೆ ಎದೆಯ ಭಾಗ ಒಣಗಿತ್ತು. ಚಹಾದ ಅಂಗಡಿಯಲ್ಲಿ ಎರಡು ಬಾಟಲಿ ನೀರು ಕೊಂಡು ಒಂದನ್ನು ಕುಡಿದೆ, ಒಂದನ್ನು ಕೊರಳಪಟ್ಟಿಯೊಳಗೆ ಸುರಿದುಕೊಂಡೆ. ಮುಂದೆ ಎರೆಮಣ್ಣು ಸರಿದು ಕೆಂಪು ಜಂಬಿಟ್ಟಿಗೆ ನೆಲ ಶುರುವಾಗುತ್ತದೆ, ರಸ್ತೆ ಮೇಲೇರುತ್ತದೆ. ಬೀದರ್ ನಮಗಿಂತ 200 ಮೀಟರಿನಷ್ಟು ಎತ್ತರದಲ್ಲಿದೆ. ಆ ವ್ಯತ್ಯಾಸ ಹೆಲ್ಮೆಟ್ಟಿನ ಒಳಗೇ ತಿಳಿಯುತ್ತದೆ. ಮಹಮೂದ್ ಗಾವಾನನ ಮದರಸಾದ ಗೋಡೆಯ ನೆರಳಿನಲ್ಲಿ ಗಾಡಿ ನಿಲ್ಲಿಸಿದಾಗ ತಲೆನೋವಿರಲಿಲ್ಲ. ಜಾಳಿಗೆಯಲ್ಲಿ ಇದೇ ದಾರಿಗೆ ಹಿಂದಿನ ವರ್ಷ ಬಂದಾಗ ಮದರಸಾವನ್ನು ನೋಡಲೂ ಇಲ್ಲ, ಲಾಡ್ಜಿನಲ್ಲಿ ಮಲಗಿದ್ದೆ.

ಬಿದ್ದರೆ ಏನಾಗುತ್ತದೆ ಎಂಬ ಲೆಕ್ಕವೂ ದಪ್ಪ ಬಟ್ಟೆಯ ಕಡೆಗೇ ಇದೆ. ಯುರೋಪಿನ ಮಾನದಂಡದ ಗುರುತು ಎರಡರ ಒಳಪಟ್ಟಿಯಲ್ಲೂ ಇದೆ: ನನ್ನ ಜಾಳಿಗೆಗೆ ‘ಎ’, ದಪ್ಪ ಬಟ್ಟೆಗೆ ‘ಎಎ’. ಪರೀಕ್ಷೆಯ ಅಂಕವಲ್ಲ ಇದು. ಇಲ್ಲಿ ಎ ಹೆಚ್ಚಿದಷ್ಟೂ ಡಾಂಬರಿಗೆ ಉಜ್ಜಿದಾಗ ಬಟ್ಟೆ ಹೆಚ್ಚು ಹೊತ್ತು ತಾಳುತ್ತದೆ. ಮೊಣಕೈ, ಭುಜದ ರಕ್ಷಣಾ ಪಟ್ಟಿಗಳು ಎರಡರಲ್ಲೂ ಒಂದೇ ದರ್ಜೆಯವು.

ನೀರು ಹೀರಿ ಹಿಡಿದಿಡುವ ಬನಿಯನ್ ಎಂದು ಮಾರುವ ತಂಪು ಕವಚವನ್ನೂ ಎರಡು ದಿನ ಎರವಲು ತಂದು ನೋಡಿದೆ. ಹತ್ತಿ ಬನಿಯನ್ನಿಗಿಂತ ಹೆಚ್ಚು ಹೊತ್ತು ತೇವ ನಿಲ್ಲುತ್ತದೆ, ನಿಜ. ಅದರ ಬೆಲೆಗೆ ಒಂದು ಡಜನ್ ಹತ್ತಿ ಬನಿಯನ್ ಬರುತ್ತವೆ.

ಕರಾವಳಿಯ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ ಮಂಗಳೂರಿನಲ್ಲಿ ಒದ್ದೆ ಬನಿಯನ್ ಪ್ರಯೋಗ ಮಾಡಿ ನನಗೆ ಬೈದ. ಬೈಯಬೇಕಾದ್ದೇ. ನಮ್ಮಲ್ಲಿ ಮನೆಮನೆಗೆ ಇರುವ ನೀರಿನ ಕೂಲರ್ ಅಲ್ಲಿ ಏಕೆ ನಡೆಯುವುದಿಲ್ಲವೋ ಇದೂ ಅದಕ್ಕೇ ನಡೆಯುವುದಿಲ್ಲ: ಗಾಳಿಯಲ್ಲೇ ನೀರು ತುಂಬಿರುವಾಗ ಬನಿಯನ್ನಿನದು ಎಲ್ಲಿಗೆ ಹೋಗಬೇಕು? ಇಲ್ಲಿಯೂ ಜೂನಿನ ಮೊದಲ ಎರಡು ಮಳೆ ಬಿದ್ದರೆ ಆಟ ಬದಲಾಗುತ್ತದೆ. ಆಗ ಒದ್ದೆ ಬಟ್ಟೆ ಬರೀ ಒದ್ದೆ ಬಟ್ಟೆ, ತುರಿಕೆಯ ಮೂಲ. ಗಾಳಿ 33–34 ಡಿಗ್ರಿಗೆ ಇಳಿದಿರುತ್ತದೆ, ಅಂಗಡಿಯವನ ಮಾತು ನಿಜವಾಗುತ್ತದೆ. ಹಾಗಾಗಿ ಜಾಳಿಗೆಯನ್ನು ಮಾರಲಿಲ್ಲ. ಏಪ್ರಿಲ್‌ನಿಂದ ಗೂಟಕ್ಕೆ ನೇತುಬಿದ್ದಿದೆ, ಮಳೆಗಾಗಿ ಕಾಯುತ್ತಿದೆ.

ಕಾಲಿಗೆ ಮಾತ್ರ ಇನ್ನೂ ಉಪಾಯ ಸಿಕ್ಕಿಲ್ಲ. ಗಾಳಿಯಿಂದ ತಣಿಯುವ ಇಂಜಿನ್ ಬಲಮೊಣಕಾಲಿಗೆ ಊದುವ ಶಾಖಕ್ಕೆ ಒದ್ದೆ ಜೀನ್ಸ್ ಉಪಯೋಗಕ್ಕೆ ಬಂದೀತು, ಆದರೆ ಆ ಸ್ಥಿತಿಯಲ್ಲಿ ಕಚೇರಿಯಿಂದ ಹೊರಡುವಾಗ ಜವಾನ ಏನು ಕೇಳುತ್ತಾನೋ ಎಂಬ ಹೆದರಿಕೆ.