ಆನ್‌ಲೈನ್ ಕೇಸ್ ಸ್ಟಡಿ ಇಟ್ಟುಕೊಂಡು ಮೂರು ವರ್ಷ ಬಿ.ಎಡ್. ಪಾಠ ಮಾಡಿದ ಮೇಲೆ

ನಮ್ಮ ಬಿ.ಎಡ್. ಕಾಲೇಜುಗಳಲ್ಲಿ ಕೇಸ್ ಸ್ಟಡಿ, ಅಂದರೆ ಒಂದು ಮಗುವನ್ನು ಗಮನಿಸಿ ಬರೆಯುವ ವರದಿ, ಕಂದು ಕಾಗದದ ಬೈಂಡ್ ಹಾಕಿದ ಒಂದು ರೆಕಾರ್ಡ್ ಪುಸ್ತಕ. ಸೀನಿಯರ್ ಹತ್ತಿರ ಇಸ್ಕೊಂಡು, ಮಗುವಿನ ಹೆಸರು ಬದಲಾಯಿಸಿ, ಸ್ಕೆಚ್ ಪೆನ್ನಿನಲ್ಲಿ ಅಂಚು ಎಳೆದು ಸಹಿಗೆ ತಂದಿಡುತ್ತಾರೆ. ನಾನು ಓದುವಾಗಲೂ ಅದನ್ನೇ ಮಾಡಿದ್ದೆ, ಸುಳ್ಳು ಯಾಕೆ ಹೇಳಲಿ. ಇಲ್ಲಿ ಬರೆಯುತ್ತಿರುವುದು ಆ ರೆಕಾರ್ಡ್ ಬಗ್ಗೆ ಅಲ್ಲ. ತರಗತಿಯ ಒಂದು ಪೇಚಾಟವನ್ನು ವೆಬ್‌ನಲ್ಲಿ ಬಿಚ್ಚಿಟ್ಟು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳುತ್ತದಲ್ಲ, ಅದರ ಬಗ್ಗೆ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮೂರು ವರ್ಷದಿಂದ ಬಳಸುತ್ತಿದ್ದೇನೆ.

ಜಾಸ್ತಿ ಬಳಸಿದ್ದು ಎರಡು. ಒಂದು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಐರಿಸ್ ಸೆಂಟರ್‌ನದು. ವಿಶೇಷ ಅಗತ್ಯದ ಮಕ್ಕಳ ಬಗ್ಗೆ ಬಹಳ ಸಾಮಗ್ರಿ ಇದೆ, ಓದಲು ದುಡ್ಡು ಕೊಡಬೇಕಿಲ್ಲ, ಬಹುತೇಕ ಇಂಗ್ಲಿಷ್. ಇನ್ನೊಂದು ಟೆಸ್ ಇಂಡಿಯಾ ಅನ್ನುವ ಶಿಕ್ಷಕರ ತರಬೇತಿ ಸಾಮಗ್ರಿ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಮುಂದೆ ನಿಂತು ಮಾಡಿಸಿದ್ದು, ಕನ್ನಡದಲ್ಲೂ ಸಿಗುತ್ತದೆ. ಅದರಲ್ಲಿ ಬರುವ ಟೀಚರುಗಳು ನಮ್ಮ ದೇಶದವರೇ, ತರಗತಿಗಳೂ ನಮ್ಮವೇ ಅನ್ನಿಸುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಜೆರಾಕ್ಸ್ ಮಾಡಿಸಬಹುದು, ತಿದ್ದಿಕೊಳ್ಳಬಹುದು, ಯಾರ ಅನುಮತಿಯೂ ಬೇಡ. ನಡುವೆ ಹಣ ಕಟ್ಟುವ ಒಂದು ಆ್ಯಪನ್ನೂ ನೋಡಿದೆ. ಕೇಸ್ ಅಂತ ಎರಡು ಪ್ಯಾರಾ, ಕೆಳಗೆ ನಾಲ್ಕು ಆಯ್ಕೆ, ಸರಿ ಉತ್ತರಕ್ಕೆ ಹಸಿರು ಟಿಕ್ಕು. ಎರಡೇ ತಿಂಗಳಿಗೆ ಬಿಟ್ಟುಬಿಟ್ಟೆ.

ಐರಿಸ್‌ನ ಪಾಠಗಳಲ್ಲಿ ನನಗೆ ಹಿಡಿಸಿದ್ದು ಜೋಡಣೆ. ಮೊದಲು ಸವಾಲು, ಆಮೇಲೆ ನಿಮ್ಮ ಮೊದಲ ಅನಿಸಿಕೆ ಏನು ಅಂತ ಕೇಳುತ್ತದೆ, ಅದಾದ ಮೇಲೆ ತಜ್ಞರ ಮಾತು, ಓದು, ಕೊನೆಗೆ ನಿಮ್ಮ ಅನಿಸಿಕೆ ಬದಲಾಯಿತಾ ಅಂತ ಮತ್ತೆ ನೋಡಿಕೊಳ್ಳುವುದು. ಆದರೆ ಮೊದಲ ವರ್ಷ ನಾನು ದಡ್ಡತನ ಮಾಡಿದೆ. ಲಿಂಕ್ ಕೊಟ್ಟು ಸುಮ್ನೆ ಬಿಟ್ಟೆ. ಎಲ್ಲರೂ ಬೆರಳಲ್ಲಿ ಸರ್ರಂತ ಕೆಳಗಿನವರೆಗೂ ಜಾರಿಸಿ, ಗೈಡ್ ನೋಡಿ ಬರೆದ ಹಾಗೆ ತಜ್ಞರ ಮಾತನ್ನೇ ತಮ್ಮ ಅನಿಸಿಕೆ ಅಂತ ಬರೆದು ತಂದರು. ಎರಡನೇ ವರ್ಷದಿಂದ ಸವಾಲಿನ ಪುಟ ಮಾತ್ರ ತೋರಿಸುತ್ತೇನೆ. ಅರ್ಧ ಹಾಳೆಯಲ್ಲಿ ಬರೆದು ನನ್ನ ಕೈಗೆ ಕೊಟ್ಟ ಮೇಲೆಯೇ ಮುಂದಿನ ಪುಟ. ವೆಬ್ ಸಾಮಗ್ರಿಗೆ ಕಾಗದದ ಚೀಟಿ ಬೇಕಾಯಿತು ನೋಡಿ!

ಆ ಚೀಟಿಗಳನ್ನು ಓದುವಾಗ ಒಂದು ತಮಾಷೆ ಗೊತ್ತಾಯಿತು. ಸಮಸ್ಯೆ ಯಾವುದೇ ಇರಲಿ, ಮಗು ಓದುವುದಿಲ್ಲ, ಮಗು ಹೊಡೆದಾಡುತ್ತದೆ, ಮಗು ಮಾತೇ ಆಡುವುದಿಲ್ಲ, ಮುಕ್ಕಾಲು ಜನರ ಉತ್ತರ ಒಂದೇ. "ಪೋಷಕರನ್ನು ಕರೆಸಿ ಮಾತನಾಡಬೇಕು." ಪೋಷಕರು ಬರದಿದ್ದರೆ? ಆಪ್ತ ಸಮಾಲೋಚನೆ. ಯಾರು ಕೊಡುತ್ತಾರೆ? ಮೌನ. ಇನ್ನೊಂದು ಚಾಳಿ ಅಂದರೆ ಕೇಸಿನಲ್ಲಿರುವ ಟೀಚರನ್ನು ಕಟಕಟೆಗೆ ನಿಲ್ಲಿಸುವುದು. ಅವರು ಹಾಗೆ ಮಾಡಬಾರದಿತ್ತು, ಹೀಗೆ ಮಾಡಬೇಕಿತ್ತು. ನಲವತ್ತು ಮಕ್ಕಳ ಮುಂದೆ ಇನ್ನೂ ಒಂದು ದಿನವೂ ನಿಂತಿರದವರ ತೀರ್ಪು ಅದು.

ಪರದೇಶದ ಕೇಸಿನ ತೊಡಕು ಬರೀ ಭಾಷೆಯದಲ್ಲ. ಅಮೆರಿಕದಲ್ಲಿ ವಿಶೇಷ ಅಗತ್ಯದ ಒಬ್ಬೊಬ್ಬ ಮಗುವಿಗೂ ಬರೆಯುವ ಕಲಿಕಾ ಯೋಜನೆಗೆ ಕಾನೂನಿನ ಬಲ ಇದೆ. ಇಲ್ಲಿ ನಾನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ತೆಗೆದು, ಅದರ 21 ಬಗೆಯ ವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ ಅನ್ನುವುದರಿಂದ ಶುರು ಮಾಡಬೇಕು. ಓದಿನ ತೊಂದರೆ ಬಗ್ಗೆ ಹೇಳುವಾಗ ಇಂಗ್ಲಿಷಿನ ಬಿ, ಡಿ ಅಕ್ಷರ ತಿರುಗುಮುರುಗು ಬರೆಯುವ ಉದಾಹರಣೆ ಬಂದೇ ಬರುತ್ತದೆ. ನಮ್ಮ ಮಕ್ಕಳು ಎಡವುವುದು ಪ ಮತ್ತು ಷ ನಡುವೆ, ದ ಮತ್ತು ಧ ನಡುವೆ, ಮ ಮತ್ತು ವ ನಡುವೆ, ಮತ್ತೆ ಒತ್ತಕ್ಷರದಲ್ಲಿ. ಅದನ್ನು ಯಾವ ಅಮೆರಿಕದವರು ಬರೆದು ಕೊಡುತ್ತಾರೆ?

ಅದಕ್ಕೇ ಮೂರನೇ ವರ್ಷ ವಿದ್ಯಾರ್ಥಿಗಳ ಕೈಯಲ್ಲೇ ಬರೆಸಿದೆ. 2015ರಿಂದ ಬಿ.ಎಡ್. ಎರಡು ವರ್ಷ ಆಗಿದೆ, ಇಂಟರ್ನ್‌ಶಿಪ್ ತಿಂಗಳುಗಟ್ಟಲೆ ಇರುತ್ತದೆ. ನೋಡಲು ಟೈಮ್ ಇದೆ. ಮಾಗಡಿ ರಸ್ತೆ ಕಡೆಯ ಒಂದು ಶಾಲೆಗೆ ಇಂಟರ್ನ್‌ಶಿಪ್‌ಗೆ ಹೋಗುತ್ತಿದ್ದ ನಮ್ಮ ಹುಡುಗಿಯೊಬ್ಬಳು ಎಂಟನೇ ಕ್ಲಾಸಿನ ಒಬ್ಬನ ಬಗ್ಗೆ ಬರೆದಳು. ಅವನ ನೋಟ್ಸು ಮುದ್ದಾಗಿದೆ, ಒಂದು ತಪ್ಪಿಲ್ಲ. ಓದು ಅಂದರೆ ತಲೆ ತಗ್ಗಿಸುತ್ತಾನೆ. ಒಂದು ದಿನ ಪಕ್ಕದಲ್ಲಿ ಕೂತು ಅವನ ಕೈಯನ್ನೇ ನೋಡಿದ್ದಾಳೆ. ಬೋರ್ಡಿನ ಮೇಲಿದ್ದ 'ವಿಜ್ಞಾನ' ಬರೆಯುವಾಗ ಹುಡುಗ ಮೊದಲು ಕೆಳಗಿನ ಒತ್ತು ಬರೆದು, ಆಮೇಲೆ ಅದರ ಮೇಲೆ ಜ ಕೂರಿಸಿದನಂತೆ. ರಂಗೋಲಿ ನೋಡಿಕೊಂಡು ಬಿಡಿಸಿದ ಹಾಗೆ. ಅವನು ಬರೆಯುತ್ತಿರಲಿಲ್ಲ, ಚಿತ್ರ ಬಿಡಿಸುತ್ತಿದ್ದ.

ಅಲ್ಲಿಗೆ ನಿಲ್ಲಿಸಿ ತರಗತಿಗೆ ಓದಿ ಹೇಳಿದೆವು. ಒಂದು ಗಂಟೆ ಜಗಳ. ಬೋರ್ಡಿನಲ್ಲಿ ಇಲ್ಲದ ಪದ ಹೇಳಿ ಬರೆಸಿ ಅಂತ ಒಬ್ಬಳು. ಅವನ ಹೆಸರನ್ನೇ ಬಿಡಿಬಿಡಿಯಾಗಿ ಕತ್ತರಿಸಿ ಜೋಡಿಸಲು ಕೊಡಿ ಅಂತ ಇನ್ನೊಬ್ಬ. ಮೊದಲು ಕಣ್ಣು ತೋರಿಸಿ ಅಂತ ಮತ್ತೊಬ್ಬಳು. ಪೋಷಕರನ್ನು ಕರೆಸಿ ಅಂತ ಅವತ್ತು ಯಾರೂ ಅನ್ನಲಿಲ್ಲ. ಅಂಥ ಕೇಸುಗಳು ಈಗ ಮೂವತ್ತರ ಹತ್ತಿರ ಆಗಿವೆ. ಮಕ್ಕಳ ಗುರುತು ಸಿಗಬಾರದಲ್ವಾ, ಅದಕ್ಕೇ ಇನ್ನೂ ವೆಬ್‌ಗೆ ಏರಿಸಿಲ್ಲ, ನಮ್ಮ ಡ್ರೈವ್‌ನಲ್ಲೇ ಇಟ್ಟಿದ್ದೇವೆ.

ಬಳಸುವವರಿಗೆ ಒಂದು ಮಾತು. ಕಾಲೇಜಿನ ಲ್ಯಾಬ್ ನಂಬಬೇಡಿ. ನಮ್ಮಲ್ಲಿ ಹದಿನೆಂಟು ಕಂಪ್ಯೂಟರ್ ಇವೆ, ಆನ್ ಆಗುವುದು ಏಳು. ಹಿಂದಿನ ದಿನವೇ ಪಿಡಿಎಫ್ ವಾಟ್ಸಾಪ್‌ಗೆ ಹಾಕಿ, ವಿಡಿಯೋ ಇಳಿಸಿಕೊಳ್ಳಲು ಹೇಳಿ. ಕೆಂಗೇರಿಯಿಂದ ಬರುವವರು ಮೆಟ್ರೋದಲ್ಲಿ ನೋಡಿಕೊಂಡು ಬರುತ್ತಾರೆ, ಮೆಜೆಸ್ಟಿಕ್ ಸುರಂಗದಲ್ಲಿ ನೆಟ್‌ವರ್ಕ್ ಹೋದರೂ ಪರವಾಗಿಲ್ಲ.

ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಹಿಡಿದಿಟ್ಟುಕೊಂಡಿದ್ದು ಸಾಮಗ್ರಿಯ ತಪ್ಪಿಗಲ್ಲ. ಇಷ್ಟೆಲ್ಲಾ ಮಾಡಿದ ಮೇಲೂ ಪರೀಕ್ಷೆಯಲ್ಲಿ ಬರುವುದು "ಕೇಸ್ ಸ್ಟಡಿ ವಿಧಾನದ ಅರ್ಥ, ಗುಣ ಮತ್ತು ದೋಷಗಳನ್ನು ಬರೆಯಿರಿ" ಅಂತ. ಎಷ್ಟು ಪಾಯಿಂಟ್ ಬರೀಬೇಕು ಮೇಡಂ ಅಂತ ಕೇಳುತ್ತಾರೆ. ಆರು ಬರೀರಿ ಅನ್ನುತ್ತೇನೆ.