ಆರಿಸದಿದ್ದರೆ ಸೊಗಸು: ಹಬೆಯಿಂದ ಜಲಜನಕ ತೆಗೆಯುವ ಸ್ಟ್ಯಾಕ್‌ನ ವಿಮರ್ಶೆ

ವಿದ್ಯುತ್ ಹರಿಸಿ ಹಬೆಯನ್ನು ಜಲಜನಕ, ಆಮ್ಲಜನಕಗಳಾಗಿ ಒಡೆಯುವ ಹತ್ತು ಘನ ಆಕ್ಸೈಡ್ (ಸಾಲಿಡ್ ಆಕ್ಸೈಡ್) ಕೋಶಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಸ್ಟ್ಯಾಕ್ ಒಂದನ್ನು ನಮ್ಮ ಪ್ರಯೋಗಾಲಯದಲ್ಲಿ ಕೆಲವು ತಿಂಗಳು ನಡೆಸಿ ನೋಡಿದ್ದೇನೆ. ತಯಾರಕರ ಹೆಸರು ಹೇಳುವುದಿಲ್ಲ. ಕಂಡ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಎಲ್ಲ ಉಪಕರಣಗಳಿಗೂ ಸಲ್ಲುತ್ತವೆ.

ಕೋಶದ ರಚನೆಯಲ್ಲಿ ಹೊಸತೇನಿಲ್ಲ. ನಡುವೆ ಯಟ್ರಿಯಾ ಬೆರೆತ ಜಿರ್ಕೋನಿಯಾ ಎಂಬ ಪಿಂಗಾಣಿಯ ತೆಳು ಪದರ, ಹಬೆ ಹರಿಯುವ ಬದಿಗೆ ನಿಕಲ್ ಸೇರಿದ ಎಲೆಕ್ಟ್ರೋಡ್, ಇನ್ನೊಂದು ಬದಿಗೆ ಆಮ್ಲಜನಕ ಬಿಡುಗಡೆಯಾಗುವ ಎಲೆಕ್ಟ್ರೋಡ್. 800 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಆಕ್ಸೈಡ್ ಅಯಾನುಗಳು (ಋಣ ವಿದ್ಯುದಂಶ ಹೊತ್ತ ಆಮ್ಲಜನಕ) ನಡುವಿನ ಪದರವನ್ನು ದಾಟಿ ಹೋಗುತ್ತವೆ, ಜಲಜನಕವು ಹಬೆಯ ಬದಿಯಲ್ಲೇ ಉಳಿಯುತ್ತದೆ.

ಕೆಲಸದಲ್ಲಿ ಇದು ನಿಜಕ್ಕೂ ಮೆಚ್ಚುವಂಥದ್ದು. ಕೋಶವೊಂದಕ್ಕೆ 1.29 ವೋಲ್ಟ್ ಸಿಕ್ಕಾಗ ವಿಭಜನೆ ಹೀರುವ ಶಾಖವೂ ಒಳಗೆ ಹುಟ್ಟುವ ಶಾಖವೂ ಸರಿಸಮವಾಗುವುದರಿಂದ, ಸ್ಟ್ಯಾಕ್ ತಾನಾಗಿ ಬಿಸಿಯೇರದೆ, ತಣಿಯದೆ ನಿಲ್ಲುತ್ತದೆ. 40 ಆಂಪಿಯರ್ ಹರಿಸಿದರೆ ಗಂಟೆಗೆ ಸುಮಾರು 15 ಗ್ರಾಂ ಜಲಜನಕ, ಖರ್ಚಾಗುವುದು 516 ವ್ಯಾಟ್; ಎಂದರೆ ಕಿಲೋಗ್ರಾಂಗೆ 34 ಯೂನಿಟ್‌ಗಿಂತ ತುಸು ಹೆಚ್ಚು. ದ್ರವ ನೀರನ್ನು ಒಡೆಯುವ ಸಾಮಾನ್ಯ ಯಂತ್ರಗಳು ಕಿಲೋಗ್ರಾಂಗೆ 50 ಯೂನಿಟ್ ಆಸುಪಾಸು ಬೇಡುತ್ತವೆ.

ಆದರೆ ಮಾರಾಟದ ಕರಪತ್ರ ಈ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುತ್ತದೆ, ಅದು ಅರ್ಧ ಲೆಕ್ಕ. ನೀರನ್ನು ಆವಿಯಾಗಿಸಲಿಕ್ಕೇ ಕಿಲೋಗ್ರಾಂ ಜಲಜನಕಕ್ಕೆ ಐದೂವರೆ ಯೂನಿಟ್‌ಗಿಂತ ಹೆಚ್ಚು ಶಾಖ ಬೇಕು, ಒಡೆಯದೆ ಹೊರಬೀಳುವ ಹಬೆಯ ಪಾಲು ಬೇರೆ. ಅಮೋನಿಯಾ ಅಥವಾ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ ಹೇಗೂ ವ್ಯರ್ಥವಾಗುವ ಶಾಖವಿದ್ದರೆ ಇದು ಲೆಕ್ಕಕ್ಕೆ ಬರುವುದಿಲ್ಲ. ನಮ್ಮಂತೆ ವಿದ್ಯುತ್ ಬಾಯ್ಲರ್ ಹಚ್ಚಿ ಕುಳಿತವರಿಗೆ ಬರುತ್ತದೆ. ಹಬೆಯ ಹರಿವು ಒಂದೇ ಸಮನಾಗಿರುವುದೂ ಅಷ್ಟೇ ಮುಖ್ಯ. ನಮ್ಮ ಬಾಯ್ಲರ್ ಬಿಟ್ಟುಬಿಟ್ಟು ಉಗುಳುತ್ತಿದ್ದಾಗ ವೋಲ್ಟೇಜ್ ಕುಣಿಯುತ್ತಿತ್ತು. ಎರಡು ದಿನ ತಂತಿಗಳನ್ನೇ ಅನುಮಾನಿಸಿದ್ದು ನನ್ನ ತಪ್ಪು. ನಿಕಲ್ ಆಕ್ಸೈಡ್ ಆಗದಿರಲೆಂದು ಒಳಹೋಗುವ ಹಬೆಗೆ ಹತ್ತನೇ ಒಂದು ಪಾಲು ಜಲಜನಕವನ್ನೂ ಬೆರೆಸಬೇಕು, ಆದ್ದರಿಂದ ಮೊದಲ ದಿನಕ್ಕೆ ಒಂದು ಸಿಲಿಂಡರ್ ಇಟ್ಟುಕೊಳ್ಳದೆ ಗತ್ಯಂತರವಿಲ್ಲ.

ದೊಡ್ಡ ದೂರು ಇರುವುದು ತಣಿಸುವಿಕೆಯ ಬಗ್ಗೆ. ಕೈಪಿಡಿಯಲ್ಲಿ 'ನಿಧಾನವಾಗಿ ಬಿಸಿಮಾಡಿ' ಎಂದಷ್ಟೇ ಇತ್ತು, ಎಷ್ಟು ನಿಧಾನ ಎಂದಿರಲಿಲ್ಲ. ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರಿಸಿದೆವು. 800 ಮುಟ್ಟಲು ಸುಮಾರು ಹದಿಮೂರು ಗಂಟೆ ಹಿಡಿಯುತ್ತದೆ. ಇಷ್ಟು ಜೋಪಾನ ಮಾಡಿದರೂ ಮೂರನೆಯ ಸಲ ಪೂರ್ತಿ ತಣಿಸಿ ಮತ್ತೆ ಬಿಸಿಮಾಡಿದಾಗ ಕೋಶಗಳ ಅಂಚಿನಿಂದ ಅನಿಲ ಸೋರದಂತೆ ತಡೆಯುವ ಗಾಜಿನ ಸೀಲ್ ಸೋರತೊಡಗಿತು, ವಿದ್ಯುತ್ ಪ್ರವಾಹ ಹರಿಸುವ ಮೊದಲೇ ಅಂಚಿನ ಎರಡು ಕೋಶಗಳ ವೋಲ್ಟೇಜ್ ಕುಸಿದದ್ದರಿಂದ ಅದು ತಿಳಿಯಿತು. ಪಿಂಗಾಣಿ, ಗಾಜು, ಉಕ್ಕು ಮೂರೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವಾಗ ಇದು ಅನಿರೀಕ್ಷಿತವಲ್ಲ, ಆದರೆ ಮಾರುವವರು ಹೇಳಬೇಕಿತ್ತು.

ಹಗಲು ಮಾತ್ರ ಸಿಗುವ ಸೌರವಿದ್ಯುತ್ತಿಗೆ ಜೋಡಿಸಿ, ರಾತ್ರಿ ಪೂರ್ತಿ ಆರಿಸಿಬಿಡುವ ಯೋಚನೆಯುಳ್ಳವರಿಗೆ ಇದನ್ನು ಶಿಫಾರಸು ಮಾಡಲಾರೆ. ಹಗಲಿರುಳು ಬಿಸಿಯಾಗಿಡಬಲ್ಲವರು, ಹಬೆ ಸುಲಭವಾಗಿ ಸಿಗುವವರು ಧಾರಾಳವಾಗಿ ಕೊಳ್ಳಬಹುದು. ನಾವು ಎರಡನೆಯ ಸ್ಟ್ಯಾಕ್ ತರಿಸುತ್ತಿದ್ದೇವೆ. ಎಷ್ಟು ಬಾರಿ ತಣಿಸಿದರೆ ತಾಳುತ್ತದೆ ಎಂಬುದನ್ನು ಈ ಸಲ ಬರಹದಲ್ಲಿ ಕೇಳಿದ್ದೇವೆ.